ಶಾಲೆಗೆ ಸೋಂಕು ತಂದವರು ಯಾರು?

ಫ್ರಾನ್ಸಿನ ಆಲ್ಪ್ಸ್ ಪರ್ವತಗಳ ನಡುವೆ ಲೆ ಕಾಂತಾಮಿನ್-ಮೊಂಜ್ವಾ ಎಂಬ ಸಣ್ಣ ಊರಿದೆ. ಚಳಿಗಾಲದಲ್ಲಿ ಹಿಮದ ಮೇಲೆ ಜಾರಲು ಬರುವ ಪ್ರವಾಸಿಗರಿಂದಲೇ ಅಲ್ಲಿನ ವ್ಯಾಪಾರ. 2020ರ ಜನವರಿ ಕೊನೆಯಲ್ಲಿ ಬ್ರಿಟನ್ನಿನ ಒಬ್ಬಾತ ಸಿಂಗಪುರದಲ್ಲಿ ಸಭೆಯೊಂದನ್ನು ಮುಗಿಸಿ, ಇಲ್ಲಿನ ಮನೆಯೊಂದರಲ್ಲಿ ಕೆಲವು ದಿನ ತಂಗಿ ಹೋದ. ಆ ಮನೆಯಲ್ಲಿದ್ದ ಹಲವರಿಗೆ ಚೀನಾದಿಂದ ಹೊರಟ ಹೊಸ ವೈರಸ್ ಅಂಟಿತು. ಅವರಲ್ಲಿ ಒಂಬತ್ತು ವರ್ಷದ ಒಂದು ಮಗುವೂ ಇತ್ತು. ವಿಷಯ ಗೊತ್ತಾಗುವ ಹೊತ್ತಿಗೆ, ಮೈಯಲ್ಲಿ ಹುಷಾರಿಲ್ಲದಿದ್ದರೂ ಆ ಮಗು ಮೂರು ಶಾಲೆಗಳಿಗೆ ಹೋಗಿ ಬಂದಿತ್ತು, ಸ್ಕೀ ಕಲಿಸುವ ಕ್ಲಬ್ಬಿಗೂ ಹೋಗಿತ್ತು.

ಆರೋಗ್ಯ ಇಲಾಖೆಯವರು ಮಗುವಿನ ಸಂಪರ್ಕಕ್ಕೆ ಬಂದಿದ್ದ ನೂರಕ್ಕೂ ಹೆಚ್ಚು ಜನರನ್ನು ಪಟ್ಟಿ ಮಾಡಿದರು, ಕ್ವಾರಂಟೈನ್ ಮಾಡಿಸಿದರು, ಲಕ್ಷಣ ಕಂಡವರ ಸ್ವಾಬ್ ತೆಗೆದರು. ಮಗುವಿನಿಂದ ಸೋಂಕು ತಗುಲಿದವರು ಒಬ್ಬರೂ ಸಿಗಲಿಲ್ಲ. ವಿಚಿತ್ರವೆಂದರೆ ಅದೇ ಮಗುವಿನ ಮೂಗಿನಲ್ಲಿ ಫ್ಲೂ ವೈರಸ್ಸೂ ಇತ್ತು, ನೆಗಡಿ ತರುವ ಪಿಕೋರ್ನಾ ವೈರಸ್ಸೂ ಇತ್ತು. ಸುತ್ತಲಿನ ಮಕ್ಕಳಲ್ಲಿ ಇಂಥ ಮಾಮೂಲಿ ವೈರಸ್ಸುಗಳು ಧಾರಾಳವಾಗಿ ಓಡಾಡುತ್ತಿದ್ದವು. ಕೊರೊನಾ ಮಾತ್ರ ಮುಂದಕ್ಕೆ ಹೋಗಿರಲಿಲ್ಲ.

ಏಪ್ರಿಲ್‌ನಲ್ಲಿ ಈ ವರದಿ ಪ್ರಕಟವಾದಾಗ ಜಗತ್ತಿನ ಬಹುಪಾಲು ಶಾಲೆಗಳಿಗೆ ಬೀಗ ಬಿದ್ದಾಗಿತ್ತು. ಯುನೆಸ್ಕೊ ಲೆಕ್ಕದಲ್ಲಿ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳು ಮನೆಯಲ್ಲಿ ಕೂತಿದ್ದರು. ಬೀಗ ಹಾಕಿದವರನ್ನು ದೂರುವಂತಿಲ್ಲ. ಸಾಂಕ್ರಾಮಿಕ ತಜ್ಞರ ಕೈಯಲ್ಲಿ ಆಗ ಇದ್ದದ್ದು ಮುಖ್ಯವಾಗಿ ಫ್ಲೂ ಕಲಿಸಿದ ಪಾಠ. ಫ್ಲೂ ತರಗತಿಗಳಲ್ಲಿ ಹಬ್ಬಿ ಮಕ್ಕಳ ಜೊತೆ ಮನೆಗೆ ಬರುತ್ತದೆ; 2009ರ ಎಚ್1ಎನ್1 ಹರಡುವುದರಲ್ಲೂ ಶಾಲಾ ಮಕ್ಕಳ ಪಾಲು ದೊಡ್ಡದಿತ್ತು. ಹೊಸ ವೈರಸ್ಸೂ ಹೀಗೇ ಇದ್ದೀತು ಎಂದುಕೊಂಡದ್ದು ಸಹಜ. ಆದರೆ ಹಾಗೆ ಅಂದುಕೊಂಡದ್ದು ನಿಜವೋ ಎಂದು ನೋಡಬೇಕಾದರೆ ಶಾಲೆಗಳು ತೆರೆದಿರಬೇಕು. ಅವನ್ನು ಮುಚ್ಚಿಯಾಗಿತ್ತು. ಮುಂದೆ ಒಂದೂವರೆ ವರ್ಷ ನಡೆದ ವಾದವಿವಾದಕ್ಕೆಲ್ಲ ಬೇರು ಇಲ್ಲಿದೆ.

ಶಾಲೆಗಳು ತೆರೆದಿದ್ದಾಗಿನ ಮೊದಲ ದೊಡ್ಡ ಲೆಕ್ಕ ಬಂದದ್ದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಿಂದ. ಕ್ರಿಸ್ಟೀನ್ ಮೆಕಾರ್ಟ್ನಿ ಮತ್ತು ಸಂಗಡಿಗರು 2020ರ ಜನವರಿಯಿಂದ ಏಪ್ರಿಲ್‌ವರೆಗೆ ಸೋಂಕಿತರು ಕಾಲಿಟ್ಟಿದ್ದ 15 ಶಾಲೆ, 10 ಶಿಶುವಿಹಾರಗಳನ್ನು ಹಿಂಬಾಲಿಸಿದರು. ಸೋಂಕಿತರು 27 ಮಂದಿ: 12 ಮಕ್ಕಳು, 15 ದೊಡ್ಡವರು. ಸಂಪರ್ಕಕ್ಕೆ ಬಂದವರು 1,448. ಅವರಲ್ಲಿ ಪಾಸಿಟಿವ್ ಬಂದದ್ದು 18 ಮಂದಿಗೆ, ಅಂದರೆ ಶೇ 1.2. ಆ ಹದಿನೆಂಟರಲ್ಲೂ 13 ಮಂದಿ ಒಂದೇ ಶಿಶುವಿಹಾರದವರು. ಈ ಅಂಕಿಗಳು ಹೊರಬಿದ್ದದ್ದೇ ತಡ, ಶಾಲೆ ತೆರೆಯಬೇಕು ಎನ್ನುವವರ ಬಾಯಲ್ಲೆಲ್ಲ ಇವೇ.

ವರದಿಯ ಒಳಗೆ ಇನ್ನೊಂದು ಸಂಖ್ಯೆ ಇತ್ತು. ಆ 1,448 ಮಂದಿಯಲ್ಲಿ ಪರೀಕ್ಷೆಗೆ ಒಳಗಾದವರು 633 ಮಾತ್ರ. ಉಳಿದವರು ಆರೋಗ್ಯವಾಗಿದ್ದಂತೆ ಕಂಡರು, ಅಷ್ಟೇ. ಮಾರ್ಚ್ ಕೊನೆಯ ಹೊತ್ತಿಗೆ ಪಾಠ ಆನ್‌ಲೈನ್‌ಗೆ ತಿರುಗಿ, ತರಗತಿಗಳು ಬಹುಮಟ್ಟಿಗೆ ಖಾಲಿಯಾಗಿದ್ದವು ಬೇರೆ. ಮಕ್ಕಳಿಗೆ ಈ ಸೋಂಕು ಬಂದರೂ ಅನೇಕ ಸಲ ಜ್ವರವಿಲ್ಲ, ಕೆಮ್ಮಿಲ್ಲ. ಲಕ್ಷಣ ನೋಡಿ ಸ್ವಾಬ್ ತೆಗೆಯುವ ಪದ್ಧತಿಯಲ್ಲಿ ಇಂಥ ಮಗು ಲೆಕ್ಕದಿಂದ ಜಾರಿಹೋಗುತ್ತದೆ. ಹಾಗೆ ಜಾರಿಹೋದ ಮಗು ಅಂಕಿಅಂಶದಲ್ಲಿ ಸೋಂಕು ತಗುಲದ ಮಗು ಎಂದೇ ದಾಖಲಾಗುತ್ತದೆ.

ಇದೇ ಹೊತ್ತಿಗೆ ಬರ್ಲಿನ್ನಿನಲ್ಲಿ ಬೇರೆಯೇ ಜಗಳ ಶುರುವಾಗಿತ್ತು. ಷಾರಿಟೆ ಆಸ್ಪತ್ರೆಯ ವೈರಾಣುತಜ್ಞ ಕ್ರಿಸ್ಟಿಯಾನ್ ಡ್ರೋಸ್ಟೆನ್ ಅವರ ತಂಡ ಏಪ್ರಿಲ್ ಕೊನೆಯಲ್ಲಿ ಒಂದು ಕರಡು ಪ್ರಬಂಧ ಹೊರತಂದಿತು. 3,712 ಸೋಂಕಿತರ ಗಂಟಲಲ್ಲಿ ಎಷ್ಟು ವೈರಸ್ ಇತ್ತೆಂದು ಅಳೆದು, ಮಕ್ಕಳಿಗೂ ದೊಡ್ಡವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ, ಮಕ್ಕಳೂ ದೊಡ್ಡವರಷ್ಟೇ ಹರಡಬಹುದು, ಶಾಲೆ ತೆರೆಯುವಾಗ ಜೋಪಾನ ಎಂದು ಎಚ್ಚರಿಸಿತ್ತು. ಆ 3,712ರಲ್ಲಿ ಇಪ್ಪತ್ತರೊಳಗಿನವರು 127. ಪ್ರಾಥಮಿಕ ಶಾಲೆಯ ವಯಸ್ಸಿನವರು ಹದಿನಾರೇ ಹದಿನಾರು. ಹದಿನಾರು ಮಕ್ಕಳನ್ನು ನೋಡಿ ವ್ಯತ್ಯಾಸ ಸಿಗಲಿಲ್ಲ ಎಂದರೆ ವ್ಯತ್ಯಾಸ ಇಲ್ಲ ಎಂದಾಗುವುದಿಲ್ಲ. ಅದನ್ನು ಹಿಡಿಯುವಷ್ಟು ಮಕ್ಕಳು ಇರಲಿಲ್ಲ ಎಂದೂ ಆಗಬಹುದು. ಜ್ಯೂರಿಕ್‌ನ ಲಿಯೊನ್‌ಹಾರ್ಡ್ ಹೆಲ್ಡ್, ಕೇಂಬ್ರಿಜ್‌ನ ಡೇವಿಡ್ ಸ್ಪೀಗಲ್‌ಹಾಲ್ಟರ್ ಮೊದಲಾದ ಸಂಖ್ಯಾಶಾಸ್ತ್ರಜ್ಞರು ಅದೇ ಅಂಕಿಗಳನ್ನು ಬೇರೆ ಬಗೆಯಲ್ಲಿ ಕೂಡಿ ನೋಡಿ, ಚಿಕ್ಕ ಮಕ್ಕಳಲ್ಲಿ ವೈರಸ್ ಕಡಿಮೆ ಇರುವಂತೆ ಕಾಣುತ್ತದಲ್ಲ ಎಂದರು.

ವಿಜ್ಞಾನಿಗಳ ನಡುವೆ ಇಂಥ ತಕರಾರು ದಿನನಿತ್ಯದ್ದು. ಆದರೆ ಮೇ 25ರಂದು ಜರ್ಮನಿಯ ‘ಬಿಲ್ಡ್’ ಪತ್ರಿಕೆ ಇದನ್ನೇ ಎತ್ತಿಕೊಂಡು, ಉತ್ತರ ಕೊಡಲು ಡ್ರೋಸ್ಟೆನ್‌ಗೆ ಒಂದು ಗಂಟೆ ಗಡುವು ಕೊಟ್ಟಿತು. ಅವರು ಆ ಪತ್ರವನ್ನೇ ಟ್ವಿಟ್ಟರಿಗೆ ಹಾಕಿ, ನನಗೆ ಬೇರೆ ಕೆಲಸವಿದೆ ಎಂದುಬಿಟ್ಟರು. ದೇಶವೆಲ್ಲ ಎರಡು ಪಾಳಯವಾಯಿತು. ಟೀಕಿಸಿದ್ದ ಸಂಖ್ಯಾಶಾಸ್ತ್ರಜ್ಞರೇ ಪತ್ರಿಕೆಯ ಧಾಟಿಯಿಂದ ದೂರ ಸರಿದು ನಿಂತರು. ಡ್ರೋಸ್ಟೆನ್ ತಂಡ ಲೆಕ್ಕವನ್ನು ತಿದ್ದಿತು, ತೀರ್ಮಾನದ ತಿರುಳನ್ನು ಬಿಡಲಿಲ್ಲ. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅವರ ಮುಂದಿನ ಪ್ರಬಂಧಕ್ಕೆ 25,381 ಸೋಂಕಿತರ ಆಧಾರವಿತ್ತು. ಅದರಲ್ಲಿ ಚಿಕ್ಕ ಮಕ್ಕಳ ವೈರಸ್ ಪ್ರಮಾಣ ಕೊಂಚ ಕಡಿಮೆ ಕಂಡಿತು. ಮಕ್ಕಳ ಮೂಗಿಗೆ ಬಳಸುವ ಸ್ವಾಬ್ ಕಡ್ಡಿಯೇ ಚಿಕ್ಕದು, ಅದರಿಂದಲೂ ಸ್ವಲ್ಪ ಕಡಿಮೆ ತೋರಿರಬಹುದು ಎಂಬ ಮಾತೂ ಅಲ್ಲಿದೆ. ಇಷ್ಟು ಸಣ್ಣ ವಿಷಯ ಇಡೀ ಲೆಕ್ಕವನ್ನು ಅಲ್ಲಾಡಿಸಬಲ್ಲದು ಎಂಬುದನ್ನು ನಾನು ಓದಿದ್ದು ಅಲ್ಲೇ ಮೊದಲು.

ಗಂಟಲಲ್ಲಿ ವೈರಸ್ ಇರುವುದು ಒಂದು, ಪಕ್ಕದ ಬೆಂಚಿನವರಿಗೆ ಅದು ಅಂಟುವುದು ಇನ್ನೊಂದು. ಎರಡನೆಯದನ್ನು ಕಾಣಲು ಜೆರುಸಲೇಮಿಗೆ ಹೋಗಬೇಕು. ಇಸ್ರೇಲ್ 2020ರ ಮೇ 17ರಂದು ಶಾಲೆಗಳನ್ನು ಪೂರ್ತಿ ತೆರೆಯಿತು. ಎರಡೇ ದಿನಕ್ಕೆ ಬಿಸಿಗಾಳಿ, 40 ಡಿಗ್ರಿ ಸೆಕೆ. ಮಕ್ಕಳು ಮಾಸ್ಕ್ ಹಾಕಿಕೊಂಡು ಹೇಗೆ ಕೂರುತ್ತವೆ ಎಂದು ಸರ್ಕಾರ ಮೂರು ದಿನ ವಿನಾಯಿತಿ ಕೊಟ್ಟಿತು. ಕಿಟಕಿ ಮುಚ್ಚಿ ಎಸಿ ಹಾಕಿದರು. ಗಿಮ್ನಾಸಿಯಾ ರೆಹಾವಿಯಾ ಶಾಲೆಯ ತರಗತಿಗಳಲ್ಲಿ 35ರಿಂದ 38 ಮಕ್ಕಳು. ಒಬ್ಬೊಬ್ಬರಿಗೆ ಸಿಕ್ಕ ಜಾಗ ಸುಮಾರು ಒಂದೂಕಾಲು ಚದರ ಮೀಟರ್. ಮೇ 26, 27ರಂದು ಒಂದಕ್ಕೊಂದು ನಂಟಿಲ್ಲದ ಎರಡು ಪ್ರಕರಣ ಪತ್ತೆಯಾದವು. ಜಿಲ್ಲಾ ಆರೋಗ್ಯಾಧಿಕಾರಿಗಳು ಲಕ್ಷಣ ಇದೆಯೋ ಇಲ್ಲವೋ ಕೇಳದೆ ಶಾಲೆಯ ಎಲ್ಲರನ್ನೂ ಪರೀಕ್ಷೆಗೆ ಕರೆದರು. 153 ವಿದ್ಯಾರ್ಥಿಗಳಿಗೆ, 25 ಸಿಬ್ಬಂದಿಗೆ ಸೋಂಕು! ಪಾಸಿಟಿವ್ ಬಂದ ವಿದ್ಯಾರ್ಥಿಗಳಲ್ಲಿ ಲಕ್ಷಣ ಹೇಳಿಕೊಂಡವರು ಶೇ 43. ನ್ಯೂ ಸೌತ್ ವೇಲ್ಸ್‌ನಲ್ಲಿ ಮಾಡಿದಂತೆ ಹುಷಾರಿಲ್ಲದವರ ಮೂಗಿಗಷ್ಟೇ ಕಡ್ಡಿ ಹಾಕಿದ್ದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ಅಮೆರಿಕದ ಜಾರ್ಜಿಯಾದಲ್ಲಿ ಜೂನ್‌ನಲ್ಲಿ ನಡೆದ ಬೇಸಿಗೆ ಶಿಬಿರವೊಂದು ಇದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಪರೀಕ್ಷೆಯ ಫಲಿತಾಂಶ ಸಿಕ್ಕ 344 ಜನರಲ್ಲಿ 260 ಮಂದಿ ಪಾಸಿಟಿವ್. ಮಕ್ಕಳಿಗೆ ಇದು ಅಂಟುವುದೇ ಅಪರೂಪ ಎಂಬ ವಾದ ಅಲ್ಲಿಗೆ ಮುಗಿಯಿತು. ಹಾಗಂತ ಮಕ್ಕಳೇ ಹರಡುವವರು ಎಂದಾಯಿತೆ? ಇಲ್ಲಿ ಕತೆ ದಕ್ಷಿಣ ಕೊರಿಯಾಕ್ಕೆ ತಿರುಗುತ್ತದೆ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಕಲಿಯಬೇಕಾದ್ದೆಲ್ಲ ಈ ಒಂದು ತಿರುವಿನಲ್ಲಿದೆ.

ಕೊರಿಯಾದವರು ಸಂಪರ್ಕ ಪತ್ತೆಯಲ್ಲಿ ನಿಪುಣರು. 5,706 ಸೋಂಕಿತರನ್ನೂ ಅವರ 59,073 ಸಂಪರ್ಕಿತರನ್ನೂ ಹಿಂಬಾಲಿಸಿದ ಅವರ ವರದಿ 2020ರ ಜುಲೈಯಲ್ಲಿ ಹೊರಬಂತು. ಮನೆಯಲ್ಲಿ ಮೊದಲು ಸೋಂಕು ಪತ್ತೆಯಾದವರ ವಯಸ್ಸಿನ ಪ್ರಕಾರ, ಆ ಮನೆಯ ಉಳಿದವರಲ್ಲಿ ಎಷ್ಟು ಮಂದಿಗೆ ಬಂತೆಂದು ಅದರಲ್ಲಿ ಕೋಷ್ಟಕ ಹಾಕಿದ್ದರು. ಎಲ್ಲ ವಯಸ್ಸೂ ಸೇರಿದರೆ ಸರಾಸರಿ ಶೇ 11.8. ಮೊದಲ ಸೋಂಕಿತರು ಹತ್ತು ವರ್ಷದೊಳಗಿನವರಾಗಿದ್ದರೆ ಶೇ 5.3. ಹತ್ತರಿಂದ ಹತ್ತೊಂಬತ್ತರವರಾಗಿದ್ದರೆ ಶೇ 18.6! ಹದಿಹರೆಯದವರು ದೊಡ್ಡವರಷ್ಟೇ, ಬಹುಶಃ ಅದಕ್ಕೂ ಹೆಚ್ಚು ಹರಡುತ್ತಾರೆ ಎಂದು ಜಗತ್ತಿನ ಪತ್ರಿಕೆಗಳು ಬರೆದವು. ಅಮೆರಿಕದಲ್ಲಿ ಶಾಲೆ ತೆರೆಯುವ ಚರ್ಚೆ ಕಾವೇರಿದ್ದ ಹೊತ್ತು ಅದು. ಹೈಸ್ಕೂಲು ಮುಚ್ಚಿಡಿ, ಚಿಕ್ಕವರದು ತೆರೆಯಿರಿ ಎಂಬ ಸಲಹೆಗೆ ಈ ಎರಡು ಅಂಕಿಗಳೇ ಆಧಾರವಾದವು. ಆ ಶೇ 5.3 ಬಂದದ್ದು 57 ಜನರಲ್ಲಿ ಮೂವರಿಂದ ಎಂಬುದನ್ನು ಗಮನಿಸಿದವರು ಕಡಿಮೆ.

ಲೆಕ್ಕ ತಪ್ಪಾಗಿರಲಿಲ್ಲ. ತೊಡಕಿದ್ದದ್ದು ‘ಮೊದಲು ಪತ್ತೆಯಾದವರು’ ಎಂಬಲ್ಲಿ. ಅಪ್ಪ-ಮಗ ಇಬ್ಬರೂ ಒಂದೇ ಸಮಾರಂಭಕ್ಕೆ ಹೋಗಿ ಒಂದೇ ದಿನ ಸೋಂಕು ತಂದುಕೊಂಡರು ಎನ್ನಿ. ಮಗನಿಗೆ ಸೋಮವಾರ ಜ್ವರ, ಅಪ್ಪನಿಗೆ ಗುರುವಾರ. ಕೋಷ್ಟಕ ನೋಡಿದವರಿಗೆ ಮಗನಿಂದ ಅಪ್ಪನಿಗೆ ಬಂದಂತೆ ಕಾಣುತ್ತದೆ. ಯಾರ ಸ್ವಾಬ್ ಮೊದಲು ಲ್ಯಾಬಿಗೆ ಹೋಯಿತೋ ಅವರೇ ತಂದವರು ಎಂದಾಗಿಬಿಡುತ್ತದೆ.

ಕೊರಿಯಾದ ಸಂಶೋಧಕರೇ ಇದನ್ನು ಬಿಡಿಸಲು ಕೂತರು. 107 ಸೋಂಕಿತ ಮಕ್ಕಳನ್ನೂ ಅವರ ಮನೆಯ 248 ಜನರನ್ನೂ ತೆಗೆದುಕೊಂಡು, ಮನೆಮನೆಯದೂ ದಿನಚರಿ ಬಿಡಿಸಿ ನೋಡಿದರು. ಆ 248ರಲ್ಲಿ ಸೋಂಕಿತರು 41. ಅವರಲ್ಲಿ 40 ಮಂದಿ ಮಗುವಿನ ಜೊತೆಗೇ ಬೇರೆ ಕಡೆ ಸೋಂಕಿಗೆ ಒಡ್ಡಿಕೊಂಡವರು. ಮಗುವಿನಿಂದಲೇ ಬಂತು ಎಂದು ಹೇಳಬಹುದಾದದ್ದು ಒಂದೇ ಒಂದು: ವಿದೇಶದಿಂದ ಮರಳಿದ ಹುಡುಗಿಯೊಬ್ಬಳು ತನ್ನ ಕೋಣೆಯಲ್ಲೇ ಪ್ರತ್ಯೇಕವಾಗಿದ್ದಳು, ಊಟಕ್ಕೆ ಮಾತ್ರ ಮನೆಯವರೊಂದಿಗೆ ಒಂದೇ ಮೇಜಿಗೆ ಬರುತ್ತಿದ್ದಳು. ಅದೇ ದೇಶ, ಅದೇ ಸಂಪರ್ಕ ಪತ್ತೆ. ಒಂದು ಪ್ರಬಂಧದಲ್ಲಿ ಶೇ 18.6, ಇನ್ನೊಂದರಲ್ಲಿ ಶೇ 0.5. ಎರಡನೆಯ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಆ ಮಕ್ಕಳಲ್ಲಿ ಅನೇಕರನ್ನು ಬೇಗನೇ ಬೇರೆ ಇರಿಸಿದ್ದರು. ಮೊದಲ ವರದಿ ಮುಖಪುಟಕ್ಕೆ ಬಂದಿತ್ತು. ಎರಡನೆಯದಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ.

ನಮ್ಮ ನೆರೆಯ ತಮಿಳುನಾಡು ಮತ್ತು ಆಂಧ್ರಪ್ರದೇಶದ ಲೆಕ್ಕ ಇವೆಲ್ಲಕ್ಕಿಂತ ದೊಡ್ಡದು. ಆರೋಗ್ಯ ಸಿಬ್ಬಂದಿ ಬೀದಿ ಬೀದಿ ಸುತ್ತಿ ಹೆಸರು ಬರೆದುಕೊಂಡು ಬಂದ ಪಟ್ಟಿಗಳನ್ನು ರಮಣನ್ ಲಕ್ಷ್ಮೀನಾರಾಯಣ್ ಅವರ ತಂಡ ಜೋಡಿಸಿತು: 84,965 ಸೋಂಕಿತರು, ಅವರ 5,75,071 ಸಂಪರ್ಕಿತರು. 2020ರ ಸೆಪ್ಟೆಂಬರ್ 30ರಂದು ‘ಸೈನ್ಸ್’ನಲ್ಲಿ ಬಂದ ಈ ಪ್ರಬಂಧದ ಪ್ರಕಾರ ಶೇ 71ರಷ್ಟು ಸೋಂಕಿತರ ಸಂಪರ್ಕದಲ್ಲಿ ಒಬ್ಬರಿಗೂ ಸೋಂಕು ಕಾಣಲಿಲ್ಲ, ಕೆಲವೇ ಮಂದಿಯಿಂದ ಬಹಳಷ್ಟು ಜನರಿಗೆ ಹರಡಿತ್ತು. ಹದಿನಾಲ್ಕರೊಳಗಿನ ಮಕ್ಕಳಲ್ಲಿ ಒಂದು ಮಗುವಿನಿಂದ ಅದೇ ವಯಸ್ಸಿನ ಇನ್ನೊಂದಕ್ಕೆ ಹರಡಿದ ಪ್ರಮಾಣ ಎದ್ದು ಕಾಣುವಷ್ಟಿತ್ತು. ಈ ಅಂಕಿಗಳೆಲ್ಲ ನಮ್ಮ ಶಾಲೆಗಳು ಮುಚ್ಚಿದ್ದಾಗಿನವು. ಓಣಿಯಲ್ಲಿ, ಅಂಗಳದಲ್ಲಿ, ನೆಂಟರ ಮನೆಯಲ್ಲಿ ಮಕ್ಕಳು ಜೊತೆಗೂಡುತ್ತಲೇ ಇದ್ದರು.

ಇಷ್ಟರಲ್ಲಿ ಪ್ರಶ್ನೆ ಕೇಳುವ ರೀತಿ ಬದಲಾಗತೊಡಗಿತು. ನಾರ್ವೆಯ ಸಾರ್ವಜನಿಕ ಆರೋಗ್ಯ ಸಂಸ್ಥೆಯವರು ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ಒಂದು ಸರಳ ಕೆಲಸ ಮಾಡಿದರು. ಐದರಿಂದ ಹದಿಮೂರು ವರ್ಷದ ಮಗುವಿಗೆ ಸೋಂಕು ಕಂಡ ಕೂಡಲೇ, ತರಗತಿಯಲ್ಲಿ ಅದರ ಸಂಪರ್ಕಕ್ಕೆ ಬಂದ ಎಲ್ಲರ ಜೊಲ್ಲನ್ನು, ಲಕ್ಷಣದ ಗೊಡವೆಗೆ ಹೋಗದೆ, ಎರಡೆರಡು ಸಲ ಪರೀಕ್ಷಿಸಿದರು. 234 ಮಕ್ಕಳಲ್ಲಿ ಇಬ್ಬರಿಗೆ, 58 ದೊಡ್ಡವರಲ್ಲಿ ಒಬ್ಬರಿಗೆ ಸೋಂಕು ಸಿಕ್ಕಿತು. ಮೂಲ ಸೋಂಕಿತರು ಹದಿಮೂರೇ ಮಕ್ಕಳು, ಊರಿನಲ್ಲಿ ಸೋಂಕೂ ಆಗ ಕಡಿಮೆ ಎಂಬುದನ್ನು ಮರೆಯುವಂತಿಲ್ಲ. ಆದರೂ ಲಕ್ಷಣವಿಲ್ಲದ ಮಕ್ಕಳು ತಪ್ಪಿಹೋದರು ಎಂಬ ಆಕ್ಷೇಪ ಈ ಅಧ್ಯಯನಕ್ಕೆ ತಾಗುವುದಿಲ್ಲ. ಇತ್ತ ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿ ಮನೆಗಳನ್ನು ಚೀಟಿ ಎತ್ತಿದಂತೆ ಆರಿಸಿ ಎಲ್ಲರ ಸ್ವಾಬ್ ತೆಗೆಯುತ್ತಿತ್ತು. ಅಲ್ಲಿ 2020ರ ಕೊನೆಯ ತಿಂಗಳುಗಳಲ್ಲಿ ಹೈಸ್ಕೂಲು ವಯಸ್ಸಿನವರ ಗೆರೆ ಮೇಲೇರಿತು. ಊರಲ್ಲಿ ಸೋಂಕು ಕಡಿಮೆ ಇದ್ದಾಗ ಶಾಲೆಯಲ್ಲೂ ಕಡಿಮೆ, ಊರು ಹೊತ್ತಿಕೊಂಡಾಗ ಶಾಲೆಯೂ ಹೊತ್ತಿಕೊಳ್ಳುತ್ತದೆ ಎಂಬ ಚಿತ್ರ ಹೀಗೆ ನಿಧಾನಕ್ಕೆ ಮೂಡಿತು.

ಶಾಲೆ ತೆರೆದಿಟ್ಟರೆ ಯಾರಿಗೆ ಎಷ್ಟು ಅಪಾಯ? ಇದಕ್ಕೆ ನಾನು ಕಂಡ ಅತ್ಯಂತ ಜಾಣ ಉತ್ತರ ಒಬ್ಬ ಅರ್ಥಶಾಸ್ತ್ರಜ್ಞನದು. ಸ್ವೀಡನ್ 2020ರ ಮಾರ್ಚ್‌ನಲ್ಲಿ ಒಂಬತ್ತನೇ ತರಗತಿಯವರೆಗೆ ಶಾಲೆಗಳನ್ನು ತೆರೆದೇ ಇಟ್ಟು, ಅದರ ಮೇಲಿನವನ್ನು ಆನ್‌ಲೈನ್‌ಗೆ ಕಳಿಸಿತ್ತು. ಸ್ಟಾಕ್‌ಹೋಮಿನ ಯೋನಸ್ ವ್ಲಾಖೋಸ್ ಮತ್ತು ಸಂಗಡಿಗರು ಈ ಗೆರೆಯ ಆಚೀಚೆ ನಿಂತವರನ್ನು ಹೋಲಿಸಿದರು. ಹದಿನಾರರ ಮಗುವಿನ ತಂದೆತಾಯಿಗೂ ಹದಿನೇಳರ ಮಗುವಿನ ತಂದೆತಾಯಿಗೂ ಉಳಿದೆಲ್ಲದರಲ್ಲಿ ಏನು ದೊಡ್ಡ ಫರಕಿದ್ದೀತು? ಒಬ್ಬರ ಮಗು ದಿನವೂ ಶಾಲೆಗೆ ಹೋಗುತ್ತಿತ್ತು, ಇನ್ನೊಬ್ಬರದು ಮನೆಯಲ್ಲಿತ್ತು, ಅಷ್ಟೇ. ತೆರೆದ ಶಾಲೆಯ ಮಕ್ಕಳ ತಂದೆತಾಯಿಗೆ ಸೋಂಕಿನ ಸಾಧ್ಯತೆ 1.17 ಪಟ್ಟು, ಅಂದರೆ ತುಸುವೇ ಹೆಚ್ಚು. ತೆರೆದ ಶಾಲೆಯ ಶಿಕ್ಷಕರಿಗೆ ಮಾತ್ರ ಎರಡು ಪಟ್ಟು. ಶಿಕ್ಷಕರ ಗಂಡ ಅಥವಾ ಹೆಂಡತಿಗೆ ಸುಮಾರು 1.3 ಪಟ್ಟು. ಯಾರಿಂದ ಯಾರಿಗೆ ಎಂಬ ಪತ್ತೇದಾರಿಯನ್ನೇ ಬದಿಗಿಟ್ಟು, ಯಾರಿಗೆ ಮೊದಲು ರಕ್ಷಣೆ ಬೇಕು ಎಂಬುದನ್ನು ಈ ಲೆಕ್ಕ ನೇರವಾಗಿ ಹೇಳಿತು. ಲಸಿಕೆ ಬಂದಾಗ ಶಿಕ್ಷಕರನ್ನು ಸಾಲಿನ ಮುಂದೆ ನಿಲ್ಲಿಸಬೇಕು ಎನ್ನಲು ಇದಕ್ಕಿಂತ ಗಟ್ಟಿ ಪುರಾವೆ ಬೇಕಿರಲಿಲ್ಲ.

ಸೋಂಕು ತರಗತಿಯ ಯಾವ ಬದಿಯಿಂದ ಯಾವ ಬದಿಗೆ ಹರಿಯುತ್ತದೆ ಎಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಒಂದು ಪ್ರಾಥಮಿಕ ಶಾಲೆ. 2021ರ ಮೇ. ಲಸಿಕೆ ಹಾಕಿಸಿಕೊಳ್ಳದ ಶಿಕ್ಷಕರೊಬ್ಬರಿಗೆ ಮೂಗು ಕಟ್ಟಿತು. ಅಲರ್ಜಿ ಇರಬೇಕೆಂದುಕೊಂಡು ಎರಡು ದಿನ ಪಾಠ ಮಾಡಿದರು. ಮಕ್ಕಳೆಲ್ಲ ಮಾಸ್ಕ್ ಹಾಕಿದ್ದರು, ಬೆಂಚುಗಳ ನಡುವೆ ಆರಡಿ ಅಂತರ, ಕಿಟಕಿ ಬಾಗಿಲು ತೆರೆದಿದ್ದವು. ಶಿಕ್ಷಕರು ಮಾತ್ರ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವಾಗ ಕೆಲವೊಮ್ಮೆ ಮಾಸ್ಕ್ ತೆಗೆದರು. ಆ ತರಗತಿಯ 24 ಮಕ್ಕಳಲ್ಲಿ 12 ಮಂದಿಗೆ ಸೋಂಕು ಬಂತು. ಮುಂದಿನ ಎರಡು ಸಾಲಿನ ಹತ್ತು ಮಕ್ಕಳಲ್ಲಿ ಎಂಟು, ಹಿಂದಿನ ಮೂರು ಸಾಲಿನ ಹದಿನಾಲ್ಕರಲ್ಲಿ ನಾಲ್ಕು. ಕುಳಿತ ಜಾಗದ ನಕ್ಷೆಯಲ್ಲಿ ಈ ಗುರುತುಗಳನ್ನು ನೋಡಿದರೆ ಬೇರೆ ವಿವರಣೆಯೇ ಬೇಡ. ಇದು ಡೆಲ್ಟಾ ತಳಿಯ ಕಾಲ ಎಂಬುದನ್ನೂ ಹೇಳಬೇಕು. 2020ರ ವೈರಸ್ಸಿಗೆ ಕಷ್ಟಪಟ್ಟು ಹೊಂದಿಸಿದ ಉತ್ತರಗಳನ್ನು ಈ ತಳಿ ಮತ್ತೆ ಕಲಕಿತ್ತು.

ಮೊದಲ ವರ್ಷದ ಮಟ್ಟಿಗೆ ಉತ್ತರ ಹೆಚ್ಚುಕಡಿಮೆ ತಿಳಿಯಾಗಿತ್ತು. ಲಂಡನ್ನಿನ ರಸೆಲ್ ವೈನರ್ ತಂಡ 32 ಅಧ್ಯಯನಗಳನ್ನು ಒಟ್ಟುಗೂಡಿಸಿ, ಮಕ್ಕಳಿಗೆ ಸೋಂಕು ತಗುಲುವ ಸಾಧ್ಯತೆ ದೊಡ್ಡವರದರ ಹೆಚ್ಚುಕಡಿಮೆ ಅರ್ಧದಷ್ಟು ಎಂದು ಕಂಡಿತ್ತು. ಮಕ್ಕಳು ಹರಡುತ್ತಾರೆ, ಚಿಕ್ಕವರು ಕಡಿಮೆ, ಹದಿಹರೆಯದವರು ಹೆಚ್ಚುಕಡಿಮೆ ದೊಡ್ಡವರಂತೆ. ಫ್ಲೂವಿನಲ್ಲಿ ಇದ್ದಂತೆ ಮಕ್ಕಳೇ ಮುಂದಾಳುಗಳಲ್ಲ.

ನಮ್ಮಲ್ಲಿ ಈ ಉತ್ತರ ಶಾಲೆಯ ಬಾಗಿಲಿಗೆ ಬರಲು ಬಹಳ ಕಾಲ ಹಿಡಿಯಿತು. ಕರ್ನಾಟಕ 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಎಂಬ ಯೋಜನೆ ಶುರುಮಾಡಿ, ದೇವಸ್ಥಾನದ ಜಗಲಿ, ಮರದ ನೆರಳಲ್ಲಿ ಮಕ್ಕಳಿಗೆ ಪಾಠ ಹೇಳಿಸಿತು. ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ಬಂದ ಸುದ್ದಿ ಹಬ್ಬುತ್ತಲೇ ಅಕ್ಟೋಬರ್‌ನಲ್ಲಿ ನಿಲ್ಲಿಸಿತು. ಸೋಂಕು ಜಗಲಿಯಲ್ಲಿ ಅಂಟಿತೋ, ಮನೆಯಿಂದ ಬಂದಿತ್ತೋ? ಕೊರಿಯಾದವರು ಕೂತು ಬಿಡಿಸಿದ್ದು ಇದೇ ಗಂಟನ್ನು.

2021ರ ಜೂನ್-ಜುಲೈಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರಕ್ತದಲ್ಲಿ ಪ್ರತಿಕಾಯ ಹುಡುಕುವ ತನ್ನ ನಾಲ್ಕನೇ ಸೀರೊ ಸಮೀಕ್ಷೆಯಲ್ಲಿ ಮೊದಲ ಬಾರಿಗೆ ಆರು ವರ್ಷದಷ್ಟು ಚಿಕ್ಕ ಮಕ್ಕಳ ರಕ್ತವನ್ನೂ ಪರೀಕ್ಷಿಸಿತು. ಆರರಿಂದ ಒಂಬತ್ತು ವರ್ಷದವರಲ್ಲಿ ಶೇ 57.2, ಹತ್ತರಿಂದ ಹದಿನೇಳರವರಲ್ಲಿ ಶೇ 61.6 ಮಕ್ಕಳಲ್ಲಿ ಪ್ರತಿಕಾಯ ಇತ್ತು. ಲಸಿಕೆ ಇಲ್ಲದ, ಬಹುತೇಕ ವರ್ಷವೆಲ್ಲ ಶಾಲೆಯ ಮುಖ ನೋಡದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸೋಂಕು ಬಂದು ಹೋಗಿತ್ತು. ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯುವುದು ಲೇಸು ಎಂದು ಸಂಸ್ಥೆಯ ಅಂದಿನ ಮುಖ್ಯಸ್ಥ ಬಲರಾಮ್ ಭಾರ್ಗವ ಜುಲೈಯಲ್ಲಿ ಹೇಳಿದರು. ಅಷ್ಟು ಹೊತ್ತಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ 16,067 ಮಕ್ಕಳನ್ನು ನೋಡಿ, ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ಕಲಿತಿದ್ದ ಭಾಷಾ ಕೌಶಲಗಳಲ್ಲಿ ಒಂದನ್ನಾದರೂ ಮರೆತಿದ್ದಾರೆ ಎಂದು ವರದಿ ಮಾಡಿಯಾಗಿತ್ತು.

ಕರ್ನಾಟಕ ಭಾರ್ಗವ ಅವರ ಮಾತಿಗೆ ತದ್ವಿರುದ್ಧ ದಾರಿ ಹಿಡಿಯಿತು. ಆಗಸ್ಟ್ 23ಕ್ಕೆ ಒಂಬತ್ತರಿಂದ ಹನ್ನೆರಡು, ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು, ಎಲ್ಲರಿಗಿಂತ ಕಡಿಮೆ ಅಪಾಯದ ಒಂದರಿಂದ ಐದನೇ ತರಗತಿಗಳಿಗೆ 2021ರ ಅಕ್ಟೋಬರ್ 25. ಪುರಾವೆಯ ಪ್ರಕಾರ ಈ ಸಾಲು ತಲೆಕೆಳಗು. 2020ರ ಮಾರ್ಚ್‌ನಲ್ಲಿ ಒಂದನೇ ತರಗತಿಯಲ್ಲಿದ್ದ ಮಗು ಅಂದು ಬಂದು ಕೂತದ್ದು ಮೂರನೇ ತರಗತಿಯಲ್ಲಿ. ಎರಡನೇ ತರಗತಿಯ ಕೋಣೆಯನ್ನು ಅದು ನೋಡಲೇ ಇಲ್ಲ.